ಲಿಂಗತ್ವ ದೃಢೀಕರಣ ಚಿಕಿತ್ಸೆ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಿಂದ ಸರ್ಕಾರಿ ಮತ್ತು ಖಾಸಗಿ ದಾರಿಗಳು

ಲಿಂಗತ್ವ ದೃಢೀಕರಣ ಚಿಕಿತ್ಸೆ ಎಂಬುದು ಹುಟ್ಟಿದಾಗ ದಾಖಲಾದ ಲಿಂಗವೂ ವ್ಯಕ್ತಿ ತನ್ನೊಳಗೆ ಅರಿತ ಲಿಂಗತ್ವವೂ ಬೇರೆಬೇರೆಯಾಗಿರುವಾಗ, ದೇಹವನ್ನು ಆ ಅರಿವಿಗೆ ಹೊಂದಿಸಲು ನೀಡುವ ಆಪ್ತಸಮಾಲೋಚನೆ, ಹಾರ್ಮೋನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಹಾಗೂ ಪೂರಕ ಸೇವೆಗಳ ಒಟ್ಟು ಹೆಸರು. ಆಡುಮಾತಿನಲ್ಲಿ ಇದು ‘ಹಾರ್ಮೋನ್ ತಗೊಳ್ಳೋದು’, ‘ಆಪರೇಷನ್ ಮಾಡಿಸ್ಕೊಳ್ಳೋದು’. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳವರಿಗೆ ಇದಕ್ಕೆ ಎರಡು ದಾರಿಗಳಿವೆ: ಊರಿನ ಸರ್ಕಾರಿ ಆಸ್ಪತ್ರೆಯಿಂದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು ಒಂದು, ಮೈಸೂರು, ಬೆಂಗಳೂರುಗಳ ಖಾಸಗಿ ವೈದ್ಯರನ್ನು ನೇರವಾಗಿ ಕಾಣುವುದು ಇನ್ನೊಂದು. ಮೊದಲನೆಯದರಲ್ಲಿ ಕಾಗದಪತ್ರ ಹೆಚ್ಚು, ಎರಡನೆಯದರಲ್ಲಿ ಖರ್ಚು ಹೆಚ್ಚು. ಒಬ್ಬರೇ ವ್ಯಕ್ತಿ ಬೇರೆಬೇರೆ ಹಂತಗಳಲ್ಲಿ ಎರಡನ್ನೂ ಬಳಸುವುದುಂಟು.

ಪರಿಭಾಷೆ

ಕನ್ನಡದಲ್ಲಿ ‘ಲಿಂಗ’ ಎಂಬ ಒಂದೇ ಪದ ದೇಹರಚನೆಗೂ ಸಾಮಾಜಿಕ ಗುರುತಿಗೂ ಬಳಕೆಯಾಗುತ್ತಿತ್ತು. ಈಗ ದೇಹರಚನೆಗೆ ‘ಲಿಂಗ’, ಗುರುತಿಗೆ ‘ಲಿಂಗತ್ವ’ ಎಂಬ ವಿಂಗಡಣೆ ನೆಲೆಯೂರಿದೆ. ಸರ್ಕಾರಿ ಬರವಣಿಗೆಯಲ್ಲಿ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬುದು ರೂಢಿ. ಗಂಡೆಂದು ದಾಖಲಾಗಿ ಹೆಣ್ಣಾಗಿ ಬದುಕುವವರು ಟ್ರಾನ್ಸ್ ಮಹಿಳೆ. ಹೆಣ್ಣೆಂದು ದಾಖಲಾಗಿ ಗಂಡಾಗಿ ಬದುಕುವವರು ಟ್ರಾನ್ಸ್ ಪುರುಷ. ಹುಟ್ಟಿನಿಂದಲೇ ದೇಹಲಕ್ಷಣಗಳು ಗಂಡು, ಹೆಣ್ಣು ಎಂಬ ರೂಢಿಯ ವಿಂಗಡಣೆಗೆ ಸೇರದವರು ಅಂತರಲಿಂಗಿಗಳು. ಅವರ ವೈದ್ಯಕೀಯ ಅಗತ್ಯಗಳು ಬೇರೆ. ಪತ್ರಿಕೆಗಳು ಬಳಸುವ ‘ಮಂಗಳಮುಖಿ’ ಟ್ರಾನ್ಸ್ ಮಹಿಳೆಯರಿಗಷ್ಟೇ ಸಲ್ಲುತ್ತದೆ. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂಥ ತಮಿಳು ಮನೆಮಾತಿನ ಊರುಗಳಿರುವ ಈ ಗಡಿಸೀಮೆಗೆ ಅದೇ ಅರ್ಥದ ತಮಿಳಿನ ‘ತಿರುನಂಗೈ’ ಕೂಡ ಹೊಸ ಪದವಲ್ಲ.

‘ನಪುಂಸಕ’ ಪದವನ್ನು ವ್ಯಕ್ತಿಗಳಿಗೆ ಬಳಸುವುದನ್ನು ಈಗ ಬಿಡಲಾಗಿದೆ. ಶಾಲೆಯ ವ್ಯಾಕರಣದಲ್ಲಿ ಮರಕ್ಕೂ ಕಲ್ಲಿಗೂ ನಿರುಪದ್ರವಿಯಾಗಿ ಅಂಟಿಕೊಂಡಿರುವ ಈ ಪದ ಮನುಷ್ಯರ ಮೇಲೆ ಬಿದ್ದಾಗ ಬೈಗುಳವಾಗುತ್ತದೆ. ‘ಲಿಂಗ ಬದಲಾವಣೆ ಶಸ್ತ್ರಚಿಕಿತ್ಸೆ’ ಎಂಬ ಹಳೆಯ ಹೆಸರು ಕಾನೂನು ಮತ್ತು ವಿಮಾ ಪತ್ರಗಳಲ್ಲಿ ಉಳಿದಿದೆ. ವೈದ್ಯರಲ್ಲಿ ‘ದೃಢೀಕರಣ’ ಎಂಬ ಪದ ಹೆಚ್ಚು ಬಳಕೆಗೆ ಬಂದಿದೆ.

ಹಿನ್ನೆಲೆ

ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಬರುವ ಮೊದಲೇ ಹಿಜ್ರಾ ಸಮುದಾಯದಲ್ಲಿ ‘ನಿರ್ವಾಣ’ ಎಂಬ ಪದ್ಧತಿಯಿತ್ತು. ‘ದಾಯಿ’ ಎನಿಸಿಕೊಂಡ ಹಿರಿಯ ಸದಸ್ಯೆ ಬಹುಚರಾ ಮಾತೆಯ ಪೂಜೆ ಮಾಡಿ ಶಿಶ್ನ ಮತ್ತು ವೃಷಣಗಳನ್ನು ಕತ್ತರಿಸುತ್ತಿದ್ದಳು. ಅರಿವಳಿಕೆ ಇರಲಿಲ್ಲ, ಹೊಲಿಗೆಯೂ ಇರಲಿಲ್ಲ. ನಲವತ್ತು ದಿನ ಒಳಗಿರಿಸಿ ಪಥ್ಯ ಮಾಡಿಸಿ, ಕೊನೆಗೆ ಅರಿಸಿನ ಹಚ್ಚಿ ಸಂಭ್ರಮ ಮಾಡುತ್ತಿದ್ದರು. ರಕ್ತಸ್ರಾವ ಮತ್ತು ನಂಜಿನಿಂದ ಸತ್ತವರಿದ್ದರು. ಹೀಗೆ ಆದವರು ‘ನಿರ್ವಾಣ’, ಆಗದವರು ‘ಅಕುವಾ’. ಉತ್ತರ ಕರ್ನಾಟಕದ ಎಲ್ಲಮ್ಮನ ಜೋಗಪ್ಪಂದಿರಲ್ಲಿ ಇಂಥ ಛೇದನ ಕಡ್ಡಾಯವಲ್ಲ. ಅಲ್ಲಿ ಮುತ್ತು ಕಟ್ಟುವುದೇ ದೀಕ್ಷೆ. ಕ್ರಮೇಣ ದಾಯಿಯ ಜಾಗಕ್ಕೆ ನೆರೆರಾಜ್ಯಗಳ ಸಣ್ಣ ನರ್ಸಿಂಗ್ ಹೋಂಗಳು ಬಂದವು. ತಮಿಳುನಾಡಿನ ಎ. ರೇವತಿಯವರ ಆತ್ಮಕಥೆ ಈ ಸ್ಥಿತ್ಯಂತರವನ್ನು ಒಳಗಿನಿಂದ ದಾಖಲಿಸಿದೆ, ದು. ಸರಸ್ವತಿಯವರ ಅನುವಾದದಲ್ಲಿ ಅದು ಕನ್ನಡದಲ್ಲಿ ‘ಬದುಕು ಬಯಲು’.

ಕಾನೂನು ಬಹುಕಾಲ ಇಂಥ ಛೇದನವನ್ನು ಅಪರಾಧದ ಕಣ್ಣಿನಿಂದಲೇ ನೋಡಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೆಯ ಭಾಗ ಮಕ್ಕಳ ಪುಂಸ್ತ್ವಹರಣದ ಶಂಕೆಯಿರುವವರನ್ನು ನೋಂದಾಯಿಸಿ ನಿಗಾದಲ್ಲಿಡಲು ಅವಕಾಶ ಕೊಟ್ಟಿತ್ತು. ಭಾರತೀಯ ದಂಡಸಂಹಿತೆಯ 320ನೆಯ ಕಲಂ ‘ತೀವ್ರ ಗಾಯ’ದ ಪಟ್ಟಿಯಲ್ಲಿ ಪುಂಸ್ತ್ವಹರಣವನ್ನೇ ಮೊದಲು ಹೆಸರಿಸಿತ್ತು. ರೋಗಿಯೇ ಒಪ್ಪಿ ಬಂದರೂ ಶಸ್ತ್ರವೈದ್ಯರು ಹಿಂಜರಿಯಲು ಇದೂ ಒಂದು ಕಾರಣ.

ತಿರುವು ಮೊದಲು ಕಂಡದ್ದು ತಮಿಳುನಾಡಿನಲ್ಲಿ. 2008ರಲ್ಲಿ ಅಲ್ಲಿ ಕಲ್ಯಾಣ ಮಂಡಳಿ ರಚನೆಯಾಯಿತು, ಚೆನ್ನೈನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಶಸ್ತ್ರಚಿಕಿತ್ಸೆ ಆರಂಭವಾಯಿತು. 1956ರವರೆಗೆ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲಕ್ಕೆ ಆ ಕಡೆಯ ಸುದ್ದಿ ದೂರದ್ದಲ್ಲ. ಆದರೆ ಸೌಲಭ್ಯ ಆ ರಾಜ್ಯದ ನಿವಾಸಿಗಳಿಗೆ ಮೀಸಲು; ಪಾಲಾರ್ ಗಡಿ ದಾಟಿದ ಮಾತ್ರಕ್ಕೆ ಸಿಗದು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದಲ್ಲಿ ಲಿಂಗತ್ವವನ್ನು ಸ್ವತಃ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿದು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಸಲ್ಲದು ಎಂದಿತು. ಕರ್ನಾಟಕ 2017ರಲ್ಲಿ ರಾಜ್ಯ ನೀತಿ ರೂಪಿಸಿತು. ಕೇಂದ್ರದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ, 2019 ಜಾರಿಗೆ ಬಂದದ್ದು 2020ರ ಜನವರಿ 10ರಂದು. ಅದರ 15ನೆಯ ಕಲಂ ಹಾರ್ಮೋನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಅದರ ಹಿಂದುಮುಂದಿನ ಆಪ್ತಸಮಾಲೋಚನೆ ಮತ್ತು ವಿಮೆಯನ್ನು ಸರ್ಕಾರದ ಹೊಣೆಯಾಗಿಸಿತು.

ಪ್ರದೇಶ ಮತ್ತು ಆರೋಗ್ಯ ವ್ಯವಸ್ಥೆ

ಚಾಮರಾಜನಗರ ಜಿಲ್ಲೆ 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟಿತು. ಹನೂರು ಮೊದಲು ಕೊಳ್ಳೇಗಾಲದ ಭಾಗವೇ ಆಗಿದ್ದು, ಈಚೆಗೆ ಪ್ರತ್ಯೇಕ ತಾಲ್ಲೂಕಾಗಿದೆ; ಮಲೆ ಮಹದೇಶ್ವರ ಬೆಟ್ಟ ಅದರ ವ್ಯಾಪ್ತಿಯಲ್ಲಿದೆ. ಯಳಂದೂರಿನ ಪೂರ್ವಕ್ಕೆ ಸೋಲಿಗರ ಹಾಡಿಗಳಿರುವ ಬಿಳಿಗಿರಿರಂಗನ ಬೆಟ್ಟ. ಅಲ್ಲಿ 1981ರಿಂದ ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ನಡೆಯುತ್ತಿದೆ. ಹನೂರು ರಸ್ತೆಯ ಕಾಮಗೆರೆಯಲ್ಲಿ ಮಿಷನ್ ಆಸ್ಪತ್ರೆಯಿದೆ. ಇಂಥ ಧರ್ಮಾರ್ಥ ಸಂಸ್ಥೆಗಳನ್ನು ಸರ್ಕಾರಿ, ಖಾಸಗಿ ಎಂಬ ಎರಡು ಪೆಟ್ಟಿಗೆಗಳಲ್ಲಿ ಯಾವುದಕ್ಕೂ ಸರಿಯಾಗಿ ಹಾಕಲಾಗದು.

ಸರ್ಕಾರಿ ವ್ಯವಸ್ಥೆಯ ಮೆಟ್ಟಿಲುಗಳು ಹೀಗಿವೆ: ಹಳ್ಳಿಯ ಆರೋಗ್ಯ ಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಮಟ್ಟದ ಆಸ್ಪತ್ರೆ (ಕೊಳ್ಳೇಗಾಲದಲ್ಲಿ ಉಪವಿಭಾಗ ಆಸ್ಪತ್ರೆ), ಬಳಿಕ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. 2016ರಲ್ಲಿ ಶುರುವಾದ ಈ ಸಂಸ್ಥೆಯ ಹೊಸ ಬೋಧನಾ ಆಸ್ಪತ್ರೆ ಯಡಪುರದ ಬಳಿ 2021ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅದರ ಮೇಲೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ವಿಕ್ಟೋರಿಯಾ. ಕೊಳ್ಳೇಗಾಲದಿಂದ ಚಾಮರಾಜನಗರ ಸುಮಾರು 40 ಕಿ.ಮೀ., ಮೈಸೂರು 60 ದಾಟುತ್ತದೆ, ಬೆಂಗಳೂರು ಸುಮಾರು 140. ಬೆಟ್ಟದ ಊರುಗಳವರಿಗೆ ಇದರ ಮೇಲೆ ಇನ್ನೂ ಒಂದು ಬಸ್ಸು, ಕೆಲವೊಮ್ಮೆ ಎರಡು.

ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯ ವೈದ್ಯರು, ಶಸ್ತ್ರವೈದ್ಯರು, ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರ ಹುದ್ದೆಗಳಿರುತ್ತವೆ. ಈ ಚಿಕಿತ್ಸೆಗೆ ಮುಖ್ಯವಾಗಿ ಬೇಕಾದ ಎಂಡೋಕ್ರೈನಾಲಜಿ (ನಿರ್ನಾಳ ಗ್ರಂಥಿ ಶಾಸ್ತ್ರ) ಮತ್ತು ಪ್ಲಾಸ್ಟಿಕ್ ಸರ್ಜರಿ ತಜ್ಞರು ಆ ಮಟ್ಟದ ಹುದ್ದೆಪಟ್ಟಿಯಲ್ಲಿಲ್ಲ. ದಾರಿ ಉದ್ದವಾಗುವುದು ಇಲ್ಲಿಂದಲೇ.

ಚಿಕಿತ್ಸೆಯ ಬಗೆಗಳು

ಮೊದಲ ಹಂತ ಮಾನಸಿಕ ಆರೋಗ್ಯ ತಜ್ಞರ ಭೇಟಿ. ಇದರ ಉದ್ದೇಶ ವ್ಯಕ್ತಿಯನ್ನು ‘ಸರಿಪಡಿಸುವುದು’ ಅಲ್ಲ. ಪರಿಣಾಮಗಳನ್ನು ತಿಳಿದು ಒಪ್ಪಿಗೆ ಕೊಡಬಲ್ಲರೇ, ಖಿನ್ನತೆಯಂಥ ಬೇರೆ ತೊಂದರೆಗೆ ನೆರವು ಬೇಕೇ ಎಂದು ನೋಡುವುದು. ವಿಶ್ವ ಆರೋಗ್ಯ ಸಂಸ್ಥೆಯ 11ನೆಯ ರೋಗವರ್ಗೀಕರಣ 2022ರ ಜನವರಿಯಿಂದ ಜಾರಿಯಲ್ಲಿದ್ದು, ಲಿಂಗತ್ವ ಅಸಾಂಗತ್ಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರತಂದಿದೆ. ಬಲವಂತದ ‘ಪರಿವರ್ತನಾ ಚಿಕಿತ್ಸೆ’ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು.

ಎರಡನೆಯದು ಹಾರ್ಮೋನ್ ಚಿಕಿತ್ಸೆ. ಟ್ರಾನ್ಸ್ ಮಹಿಳೆಯರಿಗೆ ಈಸ್ಟ್ರಡಯಾಲ್, ಜೊತೆಗೆ ಟೆಸ್ಟೋಸ್ಟಿರಾನ್ ತಗ್ಗಿಸುವ ಸ್ಪೈರನೊಲ್ಯಾಕ್ಟೋನ್ ಅಥವಾ ಸೈಪ್ರೊಟಿರಾನ್. ಮೂರರಿಂದ ಆರು ತಿಂಗಳಲ್ಲಿ ಸ್ತನಗಳ ಬೆಳವಣಿಗೆ ಶುರುವಾಗಿ ಎರಡು ಮೂರು ವರ್ಷಗಳಲ್ಲಿ ಪೂರ್ಣಗೊಳ್ಳುತ್ತದೆ. ಚರ್ಮ ಮೆದುವಾಗುತ್ತದೆ, ಸ್ನಾಯು ಕರಗುತ್ತದೆ. ಒಡೆದ ಗಂಡುದನಿ ಮಾತ್ರ ಹಾರ್ಮೋನಿಗೆ ಹಿಂದಿರುಗುವುದಿಲ್ಲ. ಅದಕ್ಕೆ ಧ್ವನಿ ತರಬೇತಿಯೇ ಬೇಕು. ಮಾತು ಮತ್ತು ಧ್ವನಿ ಚಿಕಿತ್ಸೆಗೆ ಹೆಸರಾದ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನಲ್ಲೇ. ಟ್ರಾನ್ಸ್ ಪುರುಷರಿಗೆ ಕೊಡುವುದು ಟೆಸ್ಟೋಸ್ಟಿರಾನ್ ಇಂಜೆಕ್ಷನ್. ಕೆಲವೇ ತಿಂಗಳಲ್ಲಿ ಮುಟ್ಟು ನಿಲ್ಲುತ್ತದೆ, ದನಿ ಗಡುಸಾಗುತ್ತದೆ, ಗಡ್ಡ ನಿಧಾನವಾಗಿ ಬರುತ್ತದೆ. ಔಷಧಿ ಬಿಟ್ಟರೂ ದನಿ ಮತ್ತೆ ಮೊದಲಿನಂತಾಗದು. ಸಂತಾನಶಕ್ತಿ ಕುಂದಬಹುದಾದ್ದರಿಂದ ಆ ಮಾತನ್ನು ಔಷಧಿಗೆ ಮುಂಚೆಯೇ ಆಡಬೇಕಾಗುತ್ತದೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ಹಿಮೋಗ್ಲೋಬಿನ್, ಯಕೃತ್ತು, ಕೊಬ್ಬಿನಂಶ, ಪೊಟ್ಯಾಸಿಯಂ ಪರೀಕ್ಷೆಗಳು ನಡೆಯಬೇಕು. ಇವುಗಳಲ್ಲಿ ಹೆಚ್ಚಿನವನ್ನು ಊರ ಹತ್ತಿರದ ಪ್ರಯೋಗಾಲಯದಲ್ಲೇ ಮಾಡಿಸಬಹುದು; ಹಾರ್ಮೋನ್ ಮಟ್ಟದ ಪರೀಕ್ಷೆಗೆ ಸಾಮಾನ್ಯವಾಗಿ ರಕ್ತದ ಮಾದರಿ ದೊಡ್ಡ ಊರಿಗೆ ಹೋಗುತ್ತದೆ.

ಮೂರನೆಯದು ಶಸ್ತ್ರಚಿಕಿತ್ಸೆ. ಟ್ರಾನ್ಸ್ ಮಹಿಳೆಯರಲ್ಲಿ ವೃಷಣ ತೆಗೆಯುವುದು, ಶಿಶ್ನದ ಚರ್ಮದಿಂದ ಅಥವಾ ದೊಡ್ಡಕರುಳಿನ ತುಂಡಿನಿಂದ ಯೋನಿ ರಚಿಸುವುದು, ಸ್ತನಗಾತ್ರ ಹೆಚ್ಚಿಸುವುದು. ಟ್ರಾನ್ಸ್ ಪುರುಷರಲ್ಲಿ ಸ್ತನ ತೆಗೆದು ಎದೆ ಸಮ ಮಾಡುವುದು, ಗರ್ಭಕೋಶ ಮತ್ತು ಅಂಡಾಶಯ ತೆಗೆಯುವುದು, ಹಲವು ಹಂತಗಳಲ್ಲಿ ಶಿಶ್ನ ರಚಿಸುವುದು. ಎಲ್ಲರೂ ಎಲ್ಲವನ್ನೂ ಮಾಡಿಸಿಕೊಳ್ಳುವುದಿಲ್ಲ; ಹಾರ್ಮೋನಿಗೇ ನಿಲ್ಲುವವರೂ ಏನನ್ನೂ ಬಯಸದವರೂ ಇದ್ದಾರೆ. ಟ್ರಾನ್ಸ್‌ಜೆಂಡರ್ ಆರೋಗ್ಯದ ವಿಶ್ವ ವೃತ್ತಿಪರ ಸಂಘದ 2022ರ ಎಂಟನೆಯ ಮಾರ್ಗಸೂಚಿ ಶಸ್ತ್ರಚಿಕಿತ್ಸೆಗೆ ತಜ್ಞರ ಒಂದು ಪತ್ರ ಸಾಕೆನ್ನುತ್ತದೆ. ಹಿಂದಿನ ಆವೃತ್ತಿ ಜನನಾಂಗದ ಶಸ್ತ್ರಚಿಕಿತ್ಸೆಗೆ ಎರಡು ಪತ್ರ ಕೇಳುತ್ತಿತ್ತು, ಭಾರತದ ಅನೇಕ ಆಸ್ಪತ್ರೆಗಳು ಈಗಲೂ ಕೇಳುತ್ತವೆ.

ಗುರುತಿನ ಪತ್ರ

ಸರ್ಕಾರಿ ದಾರಿಯ ಬಾಗಿಲು ಆಸ್ಪತ್ರೆಯಲ್ಲಿಲ್ಲ, ಜಿಲ್ಲಾಧಿಕಾರಿ ಕಚೇರಿಯಲ್ಲಿದೆ. 2019ರ ಕಾಯ್ದೆ ಮತ್ತು 2020ರ ನಿಯಮಗಳು ಜಾರಿಗೆ ಬಂದ ರೂಪದಲ್ಲಿ ಕ್ರಮ ಹೀಗಿದೆ. 2020ರ ನವೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ತನ್ನ ಲಿಂಗತ್ವವನ್ನು ಘೋಷಿಸುವ ಅಫಿಡವಿಟ್ ಜೋಡಿಸಬೇಕು. ದೇಹಪರೀಕ್ಷೆ ಇಲ್ಲದೆ ಜಿಲ್ಲಾಧಿಕಾರಿ 30 ದಿನಗಳೊಳಗೆ ‘ಟ್ರಾನ್ಸ್‌ಜೆಂಡರ್’ ಎಂಬ ಗುರುತಿನ ಪ್ರಮಾಣಪತ್ರ ನೀಡಬೇಕು. 18 ತುಂಬದವರ ಪರವಾಗಿ ತಂದೆತಾಯಿ ಅಥವಾ ಪೋಷಕರು ಅರ್ಜಿ ಹಾಕಬೇಕು. ‘ಗಂಡು’ ಅಥವಾ ‘ಹೆಣ್ಣು’ ಎಂದೇ ನಮೂದಾಗಬೇಕೆಂದರೆ 7ನೆಯ ಕಲಂ ಅನ್ವಯ ಶಸ್ತ್ರಚಿಕಿತ್ಸೆ ಆಗಿರಬೇಕು, ಆ ಆಸ್ಪತ್ರೆಯ ವೈದ್ಯಾಧೀಕ್ಷಕರ ಅಥವಾ ಮುಖ್ಯ ವೈದ್ಯಾಧಿಕಾರಿಯ ಪತ್ರ ಬೇಕು.

ಗ್ರಾಮೀಣ ಅರ್ಜಿದಾರರಿಗೆ ತೊಡಕಾಗುವುದು ಪೋರ್ಟಲ್‌ಗಿಂತ ಹೆಚ್ಚಾಗಿ ಹಳೆಯ ದಾಖಲೆಗಳು. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪಡಿತರ ಚೀಟಿಯಲ್ಲಿ ಬಿಟ್ಟುಬಂದ ಮನೆಯ ಯಜಮಾನರ ಕೆಳಗೆ ಮೂರನೆಯ ಸಾಲು. ಕಾಗದದ ಈ ವ್ಯತ್ಯಾಸ ಬಸ್ಸಿನಲ್ಲೂ ಎದುರಾಗುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದೊಳಗಿನ ಸಾಮಾನ್ಯ ಸಾರಿಗೆಯಲ್ಲಿ ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಶೂನ್ಯ ದರದ ಟಿಕೆಟ್ ಉಂಟು. ಆದರೆ ಕಂಡಕ್ಟರ್ ನೋಡುವುದು ಗುರುತಿನ ಚೀಟಿಯನ್ನು. ಆಧಾರ್‌ನಲ್ಲಿ ಇನ್ನೂ ‘ಪುರುಷ’ ಎಂದಿರುವ ಟ್ರಾನ್ಸ್ ಮಹಿಳೆ ಮೈಸೂರಿಗೆ ದುಡ್ಡು ಕೊಟ್ಟೇ ಹೋಗಬೇಕು. ‘ಮಹಿಳೆ’ ಎಂದೇ ಉಳಿದಿರುವ ಟ್ರಾನ್ಸ್ ಪುರುಷನಿಗೆ ಟಿಕೆಟ್ ಪುಕ್ಕಟೆ, ಅದಕ್ಕಾಗಿ ಚೀಟಿ ತೋರಿಸುವುದೇ ಮುಜುಗರ.

ಸರ್ಕಾರಿ ದಾರಿ

ಮಾನಸಿಕ ಆರೋಗ್ಯ ಸೇವೆ ಈ ದಾರಿಯಲ್ಲಿ ಅತಿ ಹತ್ತಿರ ಸಿಗುವ ಮೆಟ್ಟಿಲು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ತರುವ ‘ಮಂಗಳವಾರದ ಕ್ಲಿನಿಕ್’ ಆಗಿ 2014ರಲ್ಲಿ ಶುರುವಾಯಿತು. 14416 ಸಂಖ್ಯೆಯ ಟೆಲಿ ಮಾನಸ್ ಸೇವೆ 2022ರ ಅಕ್ಟೋಬರ್‌ನಿಂದ ಫೋನಿನಲ್ಲೇ ಸಮಾಲೋಚನೆ ಒದಗಿಸುತ್ತಿದೆ. ಎಚ್‌ಐವಿ ಪರೀಕ್ಷೆ, ಅದಕ್ಕೆ ಕೊಡುವ ಎಆರ್‌ಟಿ ಔಷಧಿ, ಲೈಂಗಿಕ ಸೋಂಕುಗಳ ಸುರಕ್ಷಾ ಕ್ಲಿನಿಕ್ ಉಚಿತ. ದಶಕಗಳ ಕಾಲ ಟ್ರಾನ್ಸ್ ಮಹಿಳೆಯರನ್ನು ಸರ್ಕಾರಿ ಆಸ್ಪತ್ರೆ ಬರಮಾಡಿಕೊಂಡದ್ದು ಹೆಚ್ಚಾಗಿ ಈ ಒಂದೇ ಬಾಗಿಲಿನಿಂದ. ಅದರಿಂದಾದ ಒಂದು ಪರಿಣಾಮವೆಂದರೆ, ಸೋಂಕು ತಡೆಯ ಕಾರ್ಯಕ್ರಮಗಳ ಗುರಿಯೊಳಗೆ ಬಾರದ ಟ್ರಾನ್ಸ್ ಪುರುಷರು ವ್ಯವಸ್ಥೆಯ ಲೆಕ್ಕಕ್ಕೇ ಸಿಗದೆ ಉಳಿದದ್ದು.

ಹಾರ್ಮೋನ್ ಮತ್ತು ಶಸ್ತ್ರಚಿಕಿತ್ಸೆಗೆ ರೆಫರಲ್ ಚೀಟಿ ಮೇಲಕ್ಕೆ ಹೋಗುತ್ತದೆ. ಹಣದ ಆಧಾರ ವಿಮೆ. ಕೇಂದ್ರದ ಸ್ಮೈಲ್ ಯೋಜನೆ 2022ರ ಫೆಬ್ರವರಿಯಲ್ಲಿ ಆರಂಭವಾಯಿತು. ಅದರಡಿ ಅದೇ ವರ್ಷ ಆಗಸ್ಟ್ 24ರಂದು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದೊಂದಿಗೆ ಒಪ್ಪಂದವಾಗಿ ‘ಆಯುಷ್ಮಾನ್ ಭಾರತ್ ಟಿಜಿ ಪ್ಲಸ್’ ರೂಪುಗೊಂಡಿತು. ರಾಷ್ಟ್ರೀಯ ಪೋರ್ಟಲ್‌ನ ಪ್ರಮಾಣಪತ್ರ ಇರುವವರಿಗೆ, ಇಂಥದೇ ಬೇರೆ ಯೋಜನೆಯ ಲಾಭ ಪಡೆಯದಿದ್ದರೆ, ವರ್ಷಕ್ಕೆ ತಲಾ 5 ಲಕ್ಷ ರೂಪಾಯಿವರೆಗಿನ ವೆಚ್ಚ ಅದರ ವ್ಯಾಪ್ತಿಗೆ ಬರುತ್ತದೆ; ಲಿಂಗತ್ವ ದೃಢೀಕರಣದ ಪ್ಯಾಕೇಜುಗಳೂ ಸೇರಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ 5 ಲಕ್ಷ ಇಡೀ ಕುಟುಂಬಕ್ಕೆ, ಟಿಜಿ ಪ್ಲಸ್‌ನದು ಒಬ್ಬ ವ್ಯಕ್ತಿಗೆ. ಮನೆ ಬಿಟ್ಟು ಬಂದವರಿಗೆ, ಪಡಿತರ ಚೀಟಿಯಲ್ಲಿ ಹೆಸರಿಲ್ಲದವರಿಗೆ ಈ ವ್ಯತ್ಯಾಸ ದೊಡ್ಡದು.

ಒಳರೋಗಿಯಾದಾಗ ಯಾವ ವಾರ್ಡು ಎಂಬ ಪ್ರಶ್ನೆ ಏಳುತ್ತದೆ. ಆಸ್ಪತ್ರೆಗಳಲ್ಲಿ ಪ್ರತ್ಯೇಕ ವಾರ್ಡ್ ಮತ್ತು ಶೌಚಾಲಯ ಇರಬೇಕೆಂದು 2020ರ ನಿಯಮಗಳು ಎರಡು ವರ್ಷದ ಗಡುವು ಹಾಕಿದ್ದವು.

ಖಾಸಗಿ ದಾರಿ

ಇಲ್ಲಿ ರೆಫರಲ್ ಬೇಕಿಲ್ಲ, ಜಿಲ್ಲಾಧಿಕಾರಿಯ ಪತ್ರವೂ ಹಾರ್ಮೋನ್ ಆರಂಭಕ್ಕೆ ಅಗತ್ಯವಿಲ್ಲ. ಮನೋವೈದ್ಯರ ಪತ್ರ ಹಿಡಿದು ಎಂಡೋಕ್ರೈನಾಲಜಿಸ್ಟರನ್ನು ಕಂಡರೆ ಕೆಲವೇ ವಾರಗಳಲ್ಲಿ ಔಷಧಿ ಶುರುವಾಗಬಹುದು. ಯಾವ ವೈದ್ಯರು ಮರ್ಯಾದೆಯಿಂದ ನೋಡುತ್ತಾರೆ ಎಂಬ ಮಾಹಿತಿ ಹರಿದಾಡುವುದು ಬಾಯಿಂದ ಬಾಯಿಗೆ. ಟ್ರಾನ್ಸ್ ಮಹಿಳೆಯರಿಗೆ ಹಮಾಮಿನ (ಹಿಜ್ರಾ ಸಮುದಾಯದವರು ಒಟ್ಟಾಗಿ ಬಾಳುವ ಮನೆ) ಗುರು–ಚೇಲಾ ಬಳಗ, ಬೆಂಗಳೂರಿನಲ್ಲಿ 1999ರಿಂದ ಇರುವ ಸಂಗಮ, 2014ರಲ್ಲಿ ಹುಟ್ಟಿದ ಅಕ್ಕೈ ಪದ್ಮಶಾಲಿಯವರ ಒಂದೆಡೆಯಂಥ ಸಂಸ್ಥೆಗಳು, ಮೈಸೂರಿನ ಆಶೋದಯ ಸಮಿತಿ ಇದಕ್ಕೆ ನೆರವಾಗಿವೆ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿಯ ಬಳಿಕ ವಿಡಿಯೊ ಸಮಾಲೋಚನೆ ಕಾನೂನುಬದ್ಧವಾಗಿ ಸಾಧ್ಯವಾಯಿತು. ಊರಲ್ಲಿ ಯಾರಿಗೂ ತಿಳಿಯದಿರಲಿ ಎನ್ನುವವರಿಗೆ ಇದು ಅನುಕೂಲ. ಆಶಾ ಕಾರ್ಯಕರ್ತೆ ನೆರೆಮನೆಯವರೇ ಆಗಿರುವ ಹಳ್ಳಿಯಲ್ಲಿ ಗುಟ್ಟು ಉಳಿಯುವುದೇ ಖಾಸಗಿ ದಾರಿಯ ಮುಖ್ಯ ಆಕರ್ಷಣೆ ಎನ್ನಬಹುದು.

ಖರ್ಚು ಪೂರ್ತಿ ಕೈಯಿಂದಲೇ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಏಳನೆಯ ಸಂಕೇತವೇ ‘ಲಿಂಗ ಬದಲಾವಣೆ ಚಿಕಿತ್ಸೆ’. ಪಾಲಿಸಿಯಲ್ಲಿ ಈ ಕಲಮು ಇದ್ದರೆ ಹಾರ್ಮೋನಿಗೂ ಶಸ್ತ್ರಚಿಕಿತ್ಸೆಗೂ ಪರಿಹಾರ ಸಿಗದು. ಭಿಕ್ಷಾಟನೆ ಅಥವಾ ಲೈಂಗಿಕ ವೃತ್ತಿಯ ದುಡಿಮೆ, ಗುರುವಿನಿಂದ ಪಡೆದ ಸಾಲ, ಚೀಟಿ ದುಡ್ಡು ಇವು ಟ್ರಾನ್ಸ್ ಮಹಿಳೆಯರು ಹಣ ಹೊಂದಿಸಿಕೊಂಡು ಬಂದ ಬಗೆಗಳು. ಗುರುವಿನ ಸಾಲ ತೀರುವವರೆಗೆ ಹಮಾಮ್ ಬಿಟ್ಟು ಹೋಗುವುದು ಕಷ್ಟ.

ಔಷಧಿ ಅಂಗಡಿಯ ಗುಳಿಗೆ

ಎರಡೂ ದಾರಿಗಳಿಗಿಂತ ಹತ್ತಿರದ್ದು ಔಷಧಿ ಅಂಗಡಿ. ಈಸ್ಟ್ರಡಯಾಲ್, ಟೆಸ್ಟೋಸ್ಟಿರಾನ್ ಎರಡೂ ವೈದ್ಯರ ಚೀಟಿ ಬೇಕಾದ ಔಷಧಿಗಳು. ಗರ್ಭನಿರೋಧಕ ಗುಳಿಗೆ ಹಾಗಲ್ಲ. ‘ಮಾಲಾ–ಡಿ’ ಅಂಗಡಿಯಲ್ಲಿ ಅಗ್ಗ, ಅದೇ ಸಂಯೋಜನೆಯ ‘ಮಾಲಾ–ಎನ್’ ಸರ್ಕಾರಿ ಪೂರೈಕೆಯಲ್ಲಿ ಉಚಿತ. ಒಂದು ಪಟ್ಟಿಯ 28 ಗುಳಿಗೆಗಳಲ್ಲಿ 21ರಲ್ಲಿ ಲೆವೊನಾರ್ಜೆಸ್ಟ್ರೆಲ್ 0.15 ಮಿ.ಗ್ರಾಂ, ಎಥಿನೈಲ್ ಈಸ್ಟ್ರಡಯಾಲ್ 0.03 ಮಿ.ಗ್ರಾಂ ಇರುತ್ತದೆ, ಉಳಿದ ಏಳು ಬರೀ ಕಬ್ಬಿಣಾಂಶ. ಎದೆ ಬೇಗ ಬೆಳೆಯಲೆಂದು ದಿನಕ್ಕೆ ಹಲವು ಗುಳಿಗೆ ನುಂಗುವ ರೂಢಿ ಭಾರತದ ಟ್ರಾನ್ಸ್ ಮಹಿಳೆಯರಲ್ಲಿ ದಾಖಲಾಗಿದೆ. ಎಥಿನೈಲ್ ಈಸ್ಟ್ರಡಯಾಲ್ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುವುದರಿಂದ ಮಾರ್ಗಸೂಚಿಗಳು ಅದನ್ನು ಈ ಚಿಕಿತ್ಸೆಯಿಂದ ಕೈಬಿಟ್ಟಿವೆ. ಬೀಡಿ ಸಿಗರೇಟು ಸೇದುವವರಲ್ಲಿ ಅಪಾಯ ಇನ್ನೂ ಹೆಚ್ಚು. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಹಠಾತ್ ಉಸಿರುಕಟ್ಟುವುದು ಇದರ ಎಚ್ಚರಿಕೆಯ ಲಕ್ಷಣಗಳು.

ಈಗಿನ ಸ್ಥಿತಿ

2011ರ ಜನಗಣತಿ ಗಂಡು, ಹೆಣ್ಣು ಎರಡೂ ಅಲ್ಲದ ‘ಇತರೆ’ ಕಾಲಮಿನಲ್ಲಿ ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266 ಜನರನ್ನು ಲೆಕ್ಕಹಾಕಿತು. ಮನೆಯವರೇ ಉತ್ತರ ಹೇಳುವ ಗಣತಿಯಾದ್ದರಿಂದ ಇದನ್ನು ಕನಿಷ್ಠ ಸಂಖ್ಯೆಯೆಂದೇ ಓದಬೇಕು. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರ ಸಮತಲ ಮೀಸಲಾತಿ ತಂದಿತು. ಮೈತ್ರಿ ಯೋಜನೆಯಡಿ ಮಾಸಾಶನವಿದೆ. 2024ರ ಡಿಸೆಂಬರ್‌ನಲ್ಲಿ ರಾಜ್ಯ ಹೈಕೋರ್ಟ್, ಕಾಯ್ದೆಯಡಿ ಪ್ರಮಾಣಪತ್ರ ಪಡೆದವರಿಗೆ ಜನನ ಪ್ರಮಾಣಪತ್ರದಲ್ಲೂ ಹೆಸರು ಮತ್ತು ಲಿಂಗತ್ವ ತಿದ್ದಿಕೊಡಬೇಕೆಂದು ಹೇಳಿತು. ಕಾಗದದ ತೊಡಕು ಇದರಿಂದ ಸ್ವಲ್ಪ ಸಡಿಲವಾಗಿದೆ. ತಜ್ಞರ ದೂರ ಹಾಗೇ ಇದೆ.

ಚಿಕಿತ್ಸೆಯ ನಂತರ

ಶಸ್ತ್ರಚಿಕಿತ್ಸೆ ಯಾವ ಊರಿನಲ್ಲೇ ಆಗಲಿ, ಆರೈಕೆ ನಡೆಯುವುದು ಊರಿನಲ್ಲೇ. ಯೋನಿ ರಚನೆಯಾದವರು ಮೊದಲ ತಿಂಗಳುಗಳಲ್ಲಿ ದಿನಕ್ಕೆ ಹಲವು ಸಲ ಡೈಲೇಟರ್ ಬಳಸಿ ಮಾರ್ಗ ಕುಗ್ಗದಂತೆ ನೋಡಿಕೊಳ್ಳಬೇಕು. ಅದಕ್ಕೆ ಚಿಲಕವಿರುವ ಕೋಣೆ, ಶುದ್ಧ ನೀರು, ಅರ್ಧ ಗಂಟೆಯ ಏಕಾಂತ ಬೇಕು. ಒಂದೇ ಅಂಕಣದ ಮನೆಯಲ್ಲಿ ಇವು ಸುಲಭವಲ್ಲ. ಮೂತ್ರದ್ವಾರ ಕಿರಿದಾಗುವುದು ತಿಳಿದ ತೊಡಕು. ಮೂತ್ರ ಕಟ್ಟಿಕೊಂಡ ರಾತ್ರಿ ಬೆಂಗಳೂರಿನ ಶಸ್ತ್ರವೈದ್ಯರು ಸಿಗುವುದಿಲ್ಲ. ಆಗ ಹೋಗುವುದು ಕೊಳ್ಳೇಗಾಲದ ಉಪವಿಭಾಗ ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಯ ತುರ್ತು ಘಟಕಕ್ಕೋ. ಅಲ್ಲಿನ ವೈದ್ಯರಿಗೆ ಮೊದಲು ಬೇಕಾಗುವುದು ಯಾವ ವಿಧಾನದಲ್ಲಿ ಏನನ್ನು ತೆಗೆದು ಏನನ್ನು ರಚಿಸಲಾಗಿದೆ ಎಂದು ಬರೆದಿರುವ ಡಿಸ್‌ಚಾರ್ಜ್ ಸಮ್ಮರಿ. ಮನೆಯವರ ಕಣ್ಣಿಗೆ ಬೀಳಬಾರದೆಂದು ಹಲವರು ಹರಿದುಹಾಕುವುದೂ ಅದೇ ಕಾಗದವನ್ನು.